ಸಿಸ್ಟರ್ ಹತ್ರ ಕೇಳಿ: ಮನೆಯಲ್ಲಿ ಹಂಟಿಂಗ್ಟನ್ ಕಾಯಿಲೆ ಇದ್ದಾಗ

ಹಿಂದೊಮ್ಮೆ ಪಾರ್ಕಿನ್ಸನ್ ಬಗ್ಗೆ ಉತ್ತರ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ನಮ್ಮ ಯಜಮಾನ್ರಿಗೆ ಇದ್ದದ್ದು ಅದಲ್ಲ, ಹಂಟಿಂಗ್ಟನ್ ಅನ್ನೋ ಬೇರೆ ಮಿದುಳಿನ ಕಾಯಿಲೆ ಅಂತ. ಆ ಒಂದು ಸಾಲಿಗೆ ಬಂದಷ್ಟು ಕಾಗದ ಮಂಡಿನೋವಿನ ಬಗ್ಗೆ ಬರೆದಾಗಲೂ ಬಂದಿರಲಿಲ್ಲ. ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ತಿಪಟೂರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಗಂಡನನ್ನು 17 ವರ್ಷ ಈ ಕಾಯಿಲೆಯ ಜೊತೆ ನೋಡಿಕೊಂಡವಳು. ಆ 17ರಲ್ಲಿ ಮೊದಲ 6 ವರ್ಷ ಅದು ಕಾಯಿಲೆ ಅಂತಲೇ ನನಗೆ ಗೊತ್ತಿರಲಿಲ್ಲ. ನರ್ಸ್ ಆಗಿದ್ದೂ!

ಪ್ರಶ್ನೆ: ನಮ್ಮ ಮನೆಯವರಿಗೆ 41 ವರ್ಷ, ಲಾರಿ ಡ್ರೈವರ್. ಎರಡು ವರ್ಷದಿಂದ ಕೂತಲ್ಲಿ ಸುಮ್ಮನೆ ಕೂರಲ್ಲ. ಬೆರಳು, ಭುಜ, ಹುಬ್ಬು ತಾವೇ ಆಡುತ್ತವೆ. ನಡೆದರೆ ತೂರಾಡುತ್ತಾರೆ. ಕುಡಿಯುವ ಅಭ್ಯಾಸ ಇಲ್ಲ, ಆದರೂ ಊರವರು ಕುಡುಕ ಅಂತಾರೆ. ನಮ್ಮ ಮಾವನೂ ಹೀಗೇ ಕೈಕಾಲು ಕುಣಿಸುತ್ತಿದ್ದರಂತೆ. 45ಕ್ಕೆ ಬಾವಿಗೆ ಬಿದ್ದು ಹೋದರಂತೆ. ಮನೆದೇವರ ಹರಕೆ ಬಾಕಿ ಇದೆ ಅನ್ನುತ್ತಾರೆ ಅತ್ತೆ. ಎರಡು ಸಲ ಹೋಗಿ ಬಂದೆವು. ನೀವು ಬರೆದ ಕಾಯಿಲೆ ಇದೇನಾ ಸಿಸ್ಟರ್?
— ಹೆಸರು ಬೇಡ, ಹಿರಿಯೂರು ತಾಲ್ಲೂಕು

ಉತ್ತರ: ಕಾಗದ ಓದಿ ರೋಗ ಹೇಳೋಕೆ ಆಗಲ್ಲ ತಾಯಿ. ಆದರೆ ನಿಮ್ಮ ಕಾಗದ ಓದುವಾಗ ನಮ್ಮ ಅಂಗಡಿಯೇ ಕಣ್ಣ ಮುಂದೆ ಬಂತು.

ನಮ್ಮ ಯಜಮಾನ್ರ ಕಟಿಂಗ್ ಅಂದರೆ ತಿಪಟೂರಿನಲ್ಲಿ ಹೆಸರಾಗಿತ್ತು. 1998ರಲ್ಲಿ, ಅವರಿಗೆ 39 ಆಗಿದ್ದಾಗ, ಒಬ್ಬರ ಮದುವೆ ಸೂಟಿನ ಬಟ್ಟೆಯ ಮೇಲೆ ಕತ್ತರಿ ವಾರೆ ಹೋಯಿತು. ಬಟ್ಟೆಯ ದುಡ್ಡು ನಾವು ಕಟ್ಟಿಕೊಟ್ಟೆವು. ಆಮೇಲೆ ಸೂಜಿಗೆ ದಾರ ಪೋಣಿಸೋಕೆ ಹುಡುಗನನ್ನು ಕರೆಯುವುದು ಶುರುವಾಯಿತು. ಕನ್ನಡಕ ಬದಲಿಸಿದೆವು. ಅಳತೆ ಬರೆದುಕೊಂಡ ಚೀಟಿ ಮರೆಯುವುದು, ಹೇಳಿದ ದಿನಕ್ಕೆ ಬಟ್ಟೆ ಕೊಡದಿರುವುದು, ಕೇಳಿದರೆ ಗಿರಾಕಿಯ ಮೇಲೇ ಎಗರುವುದು. ಮೈ ಆಡುವುದು ಎದ್ದು ಕಂಡದ್ದು ಇವೆಲ್ಲ ಆಗಿ ಎಷ್ಟೋ ದಿನದ ಮೇಲೆ. ನನಗೆ ಅಷ್ಟರಲ್ಲಿ ಇವರು ಸೋಮಾರಿ, ಮುಂಗೋಪಿ ಅಂತ ತೀರ್ಮಾನವಾಗಿ ಹೋಗಿತ್ತು. ಒಬ್ಬ ಡಾಕ್ಟರು ಟೆನ್ಷನ್ ಅಂದರು. ಇನ್ನೊಬ್ಬರು ನಿದ್ದೆ ಮಾತ್ರೆ ಬರೆದರು. 2004ರಲ್ಲಿ ಬೆಂಗಳೂರಿನ ಒಬ್ಬ ನರರೋಗ ತಜ್ಞರು ಐದು ನಿಮಿಷ ನೋಡಿ ಕೇಳಿದ ಮೊದಲ ಪ್ರಶ್ನೆ: "ಇವರ ತಂದೆ ತಾಯಿ ಹೇಗೆ ತೀರಿಕೊಂಡರು?"

ಆ ಪ್ರಶ್ನೆಯಲ್ಲೇ ಈ ಕಾಯಿಲೆಯ ಗುಟ್ಟು ಇದೆ. ಇದಕ್ಕೆ ಹೆಸರು ಬಂದಿದ್ದು ಅಮೆರಿಕದ ಜಾರ್ಜ್ ಹಂಟಿಂಗ್ಟನ್ ಅನ್ನೋ ಡಾಕ್ಟರಿಂದ. 1872ರಲ್ಲಿ ಇದರ ಬಗ್ಗೆ ಬರೆದಾಗ ಅವರಿಗೆ ಬರೀ 22 ವರ್ಷ. ಅಷ್ಟು ಚಿಕ್ಕ ಹುಡುಗನಿಗೆ ಇದು ಹೇಗೆ ಕಾಣಿಸಿತು ಅಂದರೆ, ಅವರ ಅಪ್ಪನೂ ತಾತನೂ ಲಾಂಗ್ ಐಲ್ಯಾಂಡ್‌ನ ಅದೇ ಊರಿನಲ್ಲಿ ಡಾಕ್ಟರಾಗಿದ್ದರು. ಅವೇ ಮನೆಗಳನ್ನು ಮೂರು ತಲೆಮಾರು ನೋಡಿದ್ದರು. ಅಜ್ಜನಿಗೆ ಇದ್ದದ್ದು ಅಪ್ಪನಿಗೆ, ಅಪ್ಪನಿಗೆ ಇದ್ದದ್ದು ಮಗನಿಗೆ ಬಂದದ್ದು ಅವರಿಗೆ ತಿಳಿದಿತ್ತು. ನಮ್ಮಲ್ಲಿ ಅಂಥ ಡಾಕ್ಟರು ಎಲ್ಲಿ ಸಿಗ್ತಾರೆ? ನಿಮ್ಮ ಮನೆಯಲ್ಲಿ ಆ ದಾಖಲೆ ಪುಸ್ತಕ ನಿಮ್ಮ ಅತ್ತೆ. ಅವರನ್ನು ಕೂರಿಸಿಕೊಂಡು ಕೇಳಿ. ಮಾವನಿಗೆ ಎಷ್ಟು ವಯಸ್ಸಿಗೆ ಶುರುವಾಯಿತು, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಹೇಗಿದ್ದರು, ಯಾರನ್ನಾದರೂ "ತಲೆ ಕೆಟ್ಟಿದೆ" ಅಂತ ಮನೆಯೊಳಗೇ ಇಟ್ಟಿದ್ದರಾ. ಒಂದು ಹಾಳೆಯಲ್ಲಿ ಬರೆದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ. ಹತ್ತು ಸ್ಕ್ಯಾನಿಗಿಂತ ಆ ಹಾಳೆ ಅವರಿಗೆ ಜಾಸ್ತಿ ಹೇಳುತ್ತದೆ.

ಒಳಗೆ ಆಗುವುದೇನು ಅಂತ ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಮ್ಮ ದೇಹದ 4ನೇ ಕ್ರೋಮೋಸೋಮಿನಲ್ಲಿ ಒಂದು ಜೀನ್ ಇದೆ. ಅದರಲ್ಲಿ ಸಿ, ಎ, ಜಿ ಅನ್ನುವ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಲ್ಲರಲ್ಲೂ ಬರುತ್ತದೆ, 26ರವರೆಗೆ ಏನೂ ತೊಂದರೆ ಇಲ್ಲ. ಹೊಲಿಗೆ ಮೆಷಿನ್ನು ಒಂದೇ ಜಾಗದಲ್ಲಿ ಸಿಕ್ಕಿಕೊಂಡು ಹೊಲಿಗೆ ಮೇಲೆ ಹೊಲಿಗೆ ಹಾಕುತ್ತದಲ್ಲ, ಹಾಗೆ ಕೆಲವರಲ್ಲಿ ಇದು 40 ದಾಟುತ್ತದೆ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಪೂರ್ತಿ ಆಯುಸ್ಸು ಬದುಕಿದರೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39 ಇದ್ದರೆ ಬರಬಹುದು, ಬರದೆಯೂ ಇರಬಹುದು. ಜೀನ್ ತಪ್ಪಾಗಿರುವುದರಿಂದ ಅದು ಮಾಡುವ ಪ್ರೋಟೀನೂ ಕೆಡುತ್ತದೆ. ಮಿದುಳಿನ ಆಳದಲ್ಲಿ ಮೈಯ ಚಲನೆಯನ್ನು ಹದವಾಗಿ ಇಡುವ ಜಾಗದ ಕೋಶಗಳು ನಿಧಾನವಾಗಿ ಸಾಯುತ್ತವೆ. ಆ ಜಾಗಕ್ಕೂ ಯೋಚನೆ, ಸಿಟ್ಟು, ಉತ್ಸಾಹಕ್ಕೂ ನಂಟಿದೆ. ಅದಕ್ಕೇ ಮೈಗಿಂತ ಮೊದಲು ಸ್ವಭಾವ ಕೆಟ್ಟ ಹಾಗೆ ಕಾಣುವುದು.

ಹಾಗಂತ ಮೈ ಆಡುವುದೆಲ್ಲ ಹಂಟಿಂಗ್ಟನ್ ಅಲ್ಲ. ಥೈರಾಯ್ಡ್ ಏರುಪೇರಾದರೂ, ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಸೇರಿಕೊಂಡರೂ, ಕೆಲವು ಮಾನಸಿಕ ರೋಗದ ಮಾತ್ರೆಗಳಿಂದಲೂ ಹೀಗಾಗುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ನೀವೇ ತೀರ್ಮಾನ ಮಾಡಿಕೊಂಡು ಮನೆಯಲ್ಲಿ ಕೂರಬೇಡಿ. ಹರಕೆಗೆ ಹೋಗುವುದಾದರೆ ಹೋಗಿ, ನಾನೂ ಹೋಗಿದ್ದೆ. ಆಸ್ಪತ್ರೆಗೂ ಹೋಗಿ.

ಎರಡು ವಿಷಯ ಮಾತ್ರ ಕಾಯುವ ಹಾಗಿಲ್ಲ. ಒಂದು, ಲಾರಿ. ಅವರು ಬೈದರೂ ಸರಿ, ಡಾಕ್ಟರು ನೋಡುವವರೆಗೆ ಸ್ಟೀರಿಂಗ್ ಹಿಡಿಯಬಾರದು. ಎರಡು, ಮಾವನ ಬಾವಿಯ ವಿಷಯ. ಈ ಕಾಯಿಲೆ ತಾನೇ ಖಿನ್ನತೆ ತರುತ್ತದೆ. ಬದುಕು ಸಾಕು ಅನ್ನುವ ಮಾತು ಬಂದರೆ ಸುಮ್ನೆ ಹೆದರಿಸ್ತಾರೆ ಅಂದುಕೊಳ್ಳಬೇಡಿ. ಹಾಗೇನಾದರೂ ಅಂದರೆ ಒಂಟಿ ಬಿಡಬೇಡಿ, ಅದೇ ದಿನ ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನನಗೆ 26. ಬೆಂಗಳೂರಿನಲ್ಲಿ ಕೆಲಸ. ಅಪ್ಪನಿಗೆ ಹಂಟಿಂಗ್ಟನ್ ಅಂತ ಕಳೆದ ವರ್ಷ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದಾರೆ. ಚಿಕ್ಕಪ್ಪ "ಮೊದಲು ಟೆಸ್ಟ್ ಮಾಡಿಸು, ಇಲ್ಲದಿದ್ದರೆ ಯಾರಿಗೂ ಬಾಯಿ ಬಿಡಬೇಡ" ಅನ್ನುತ್ತಾರೆ. ಅಮ್ಮ ಅಳುತ್ತಾರೆ. ನನಗೆ ರಾತ್ರಿ ಕೈಯಿಂದ ಚಮಚ ಬಿದ್ದರೂ ಶುರುವಾಯಿತೇನೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಟೆಸ್ಟ್ ಮಾಡಿಸಲಾ ಆಂಟಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮಗಳೇ, ನಿನ್ನ ಚಿಕ್ಕಪ್ಪನ ಮಾತಿನಲ್ಲಿ ಎರಡೂ ತಪ್ಪು. ನಿಧಾನಕ್ಕೆ ಹೇಳುತ್ತೇನೆ.

ಅಪ್ಪನಿಗೋ ಅಮ್ಮನಿಗೋ ಈ ಜೀನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಅಣ್ಣನಿಗೆ ಬಂದರೆ ತಂಗಿ ಬಚಾವ್ ಅಂತಲ್ಲ, ಪ್ರತಿ ಸಲವೂ ಹೊಸದಾಗಿ ಚಿಮ್ಮಬೇಕು. ಗಂಡು, ಹೆಣ್ಣು ಭೇದ ಇಲ್ಲ. ನಿನಗೆ ಆ ಜೀನ್ ಬಂದಿಲ್ಲ ಅಂದರೆ ನಿನ್ನ ಮಕ್ಕಳಿಗೂ ನಿನ್ನಿಂದ ಬರೋಕೆ ಸಾಧ್ಯವಿಲ್ಲ, ಕಥೆ ಅಲ್ಲಿಗೆ ಮುಗಿಯಿತು. ಒಂದು ತಲೆಮಾರು ಬಿಟ್ಟು ಮುಂದಿನವರಿಗೆ ಹಾರುತ್ತದೆ ಅನ್ನುವುದೆಲ್ಲ ಸುಳ್ಳು.

ಪರೀಕ್ಷೆ ಬರೀ ರಕ್ತ ಕೊಡುವುದು. ಆದರೆ ಅದು ಶುಗರ್ ಟೆಸ್ಟ್ ಅಲ್ಲ. ಒಮ್ಮೆ ತಿಳಿದ ಮೇಲೆ ಮರೆಯೋಕೆ ಆಗಲ್ಲ. ಬರುತ್ತದೆ ಅಂತ ಗೊತ್ತಾದರೆ ತಡೆಯುವ ಮಾತ್ರೆ ಇವತ್ತಿಗೆ ಇಲ್ಲ. ಅದಕ್ಕೇ ಒಳ್ಳೆಯ ಕಡೆಗಳಲ್ಲಿ ಹೋದ ತಕ್ಷಣ ರಕ್ತ ತೆಗೆಯುವುದಿಲ್ಲ. ಮೊದಲು ಕೂರಿಸಿ ಮಾತಾಡುತ್ತಾರೆ. ಯಾಕೆ ಬೇಕು, ಹೌದು ಅಂತ ಬಂದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀಯ, ಇಲ್ಲ ಅಂತ ಬಂದರೆ ಏನು ಮಾಡುತ್ತೀಯ ಅಂತೆಲ್ಲ ಕೇಳುತ್ತಾರೆ. ಯೋಚಿಸೋಕೆ ಸಮಯ ಕೊಡುತ್ತಾರೆ. ಫಲಿತಾಂಶವನ್ನು ಫೋನಿನಲ್ಲಿ ಹೇಳದೆ ಎದುರಿಗೆ ಕೂರಿಸಿಕೊಂಡು ಹೇಳುತ್ತಾರೆ. ನಿಮ್ಹಾನ್ಸ್‌ನಲ್ಲಿ ಪರೀಕ್ಷೆಯೂ ಇದೆ, ಈ ಮಾತುಕತೆಯೂ ಇದೆ. ಮಾತುಕತೆ ಇಲ್ಲದೆ ಬರೀ ಲ್ಯಾಬಿಗೆ ರಕ್ತ ಕೊಟ್ಟು ಮೊಬೈಲಿನಲ್ಲಿ ರಿಪೋರ್ಟ್ ನೋಡುವ ದಾರಿ ಬೇಡ. ಮಧ್ಯದಲ್ಲಿ ಬೇಡ ಅನ್ನಿಸಿದರೆ ಎದ್ದು ಬರಬಹುದು. ರಕ್ತ ಕೊಟ್ಟ ಮೇಲೂ ಫಲಿತಾಂಶ ಕೇಳದೆ ಇರಬಹುದು. 18 ತುಂಬದ, ಯಾವ ಲಕ್ಷಣವೂ ಇಲ್ಲದ ಮಕ್ಕಳಿಗೆ ಈ ಪರೀಕ್ಷೆ ಮಾಡುವುದಿಲ್ಲ. ಯಾಕೆಂದರೆ ಆ ತೀರ್ಮಾನ ಅವರದೇ.

ನಿನಗೊಂದು ನಿಜ ಸಂಗತಿ ಹೇಳುತ್ತೇನೆ. ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಅಂತ ಒಬ್ಬ ವಿಜ್ಞಾನಿ. ಅವರ ತಾಯಿಗೆ ಇದೇ ಕಾಯಿಲೆ ಇತ್ತು. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಮರಕೈಬೋ ಅನ್ನೋ ದೊಡ್ಡ ಸರೋವರ ಇದೆ. ಅದರ ದಂಡೆಯ ಹಳ್ಳಿಗಳಲ್ಲಿ ಲೋಕದಲ್ಲೇ ಎಲ್ಲಕ್ಕಿಂತ ಹೆಚ್ಚಾಗಿ ಹಂಟಿಂಗ್ಟನ್ ಮನೆಗಳಿವೆ. ಇವರು ವರ್ಷ ವರ್ಷ ಅಲ್ಲಿಗೆ ಹೋಗಿ, ಆ ಬಡ ಕುಟುಂಬಗಳ ಜೊತೆ ಕೂತು, ವಂಶಾವಳಿ ಬರೆದು, ರಕ್ತ ತಂದರು. ಅದರಿಂದ 1983ರಲ್ಲಿ ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಅಂತ ತಿಳಿಯಿತು, 1993ರಲ್ಲಿ ಜೀನೇ ಸಿಕ್ಕಿತು. ಇವತ್ತು ನಾವು ಮಾಡಿಸುವ ಪರೀಕ್ಷೆ ಆ ಕೆಲಸದ ಫಲ. ಅಂಥವರೂ ತಮ್ಮ ವಿಷಯ ಹತ್ತಾರು ವರ್ಷ ತಮ್ಮಲ್ಲೇ ಇಟ್ಟುಕೊಂಡಿದ್ದರು. ತನಗೂ ಕಾಯಿಲೆ ಇದೆ ಅಂತ ಲೋಕಕ್ಕೆ ಹೇಳಿದ್ದು 2020ರಲ್ಲಿ, 70 ದಾಟಿದ ಮೇಲೆ. ಹೊರದೇಶಗಳಲ್ಲೂ ನಿನ್ನ ಸ್ಥಿತಿಯಲ್ಲಿ ಇರುವವರಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವವರು ಐದರಲ್ಲಿ ಒಬ್ಬರಿಗಿಂತ ಕಡಿಮೆ. ಮಾಡಿಸದಿದ್ದರೆ ಹೇಡಿ ಅಂತಲ್ಲ. ಮಾಡಿಸಿದರೆ ಹುಚ್ಚು ಧೈರ್ಯವೂ ಅಲ್ಲ.

ನನಗೆ ಇಬ್ಬರು ಮಕ್ಕಳು. ಒಬ್ಬರು ಮಾಡಿಸಿಕೊಂಡಿದ್ದಾರೆ, ಒಬ್ಬರು ಇಲ್ಲ. ಯಾರು, ಏನು ಬಂತು ಅಂತ ಇಲ್ಲಿ ಬರೆಯಲ್ಲ. ಅದು ನನ್ನ ಕಥೆ ಅಲ್ಲ. ನಿನ್ನ ವಿಷಯವೂ ನಿನ್ನ ಚಿಕ್ಕಪ್ಪನ ಕಥೆ ಅಲ್ಲ.

ಇನ್ನು ಗಂಡಿನ ಕಡೆಯವರಿಗೆ ಹೇಳುವುದು. ಪರೀಕ್ಷೆ ಮಾಡಿಸು, ಬಿಡು. ಆದರೆ ಅಪ್ಪನಿಗೆ ಈ ಕಾಯಿಲೆ ಇದೆ ಅನ್ನುವುದನ್ನು ಮದುವೆಯಾಗುವ ಹುಡುಗನಿಗೆ ಹೇಳಲೇಬೇಕು. ಮೊದಲ ಭೇಟಿಯಲ್ಲೇ, ಉಪ್ಪಿಟ್ಟು ಕೇಸರಿಬಾತ್ ತಟ್ಟೆ ಹಿಡಿದುಕೊಂಡು ಅಲ್ಲ. ಮಾತು ಮುಂದುವರಿಯುತ್ತದೆ ಅನ್ನಿಸಿದಾಗ, ನಿಶ್ಚಿತಾರ್ಥಕ್ಕೆ ಮೊದಲು, ಅವನಿಗೆ ನೀನೇ ಹೇಳು. ದಲ್ಲಾಳಿ ಬಾಯಲ್ಲಿ ಹೋಗಬಾರದು. ನನ್ನ ಮದುವೆಯಲ್ಲಿ ಯಾರೂ ಹೇಳಲಿಲ್ಲ, ಅವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ನಾನು ಆ 17 ವರ್ಷ ನಿಲ್ಲುತ್ತಿದ್ದೆನಾ? ನಿಜ ಹೇಳುತ್ತೇನೆ, ಗೊತ್ತಿಲ್ಲ.

ಮಕ್ಕಳ ವಿಷಯಕ್ಕೂ ದಾರಿಗಳಿವೆ. ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ, ಆ ಜೀನ್ ಇಲ್ಲದ್ದನ್ನು ಮಾತ್ರ ಗರ್ಭಕ್ಕೆ ಸೇರಿಸಬಹುದು. ಬಸಿರಾದ ಮೇಲೆ ಮೂರನೇ ತಿಂಗಳ ಹೊತ್ತಿಗೂ ಪರೀಕ್ಷೆ ಮಾಡಬಹುದು. ಎರಡನ್ನೂ ಜೆನೆಟಿಕ್ ಸಮಾಲೋಚಕರ ಹತ್ತಿರ ಬಸಿರಿಗೆ ಮೊದಲೇ ಮಾತಾಡು.

ಚಮಚ ಎಲ್ಲರ ಕೈಯಿಂದಲೂ ಬೀಳುತ್ತದೆ ಮಗಳೇ. ನನ್ನ ಕೈಯಿಂದ ಇವತ್ತು ಬೆಳಿಗ್ಗೆ ಹಾಲಿನ ಪಾತ್ರೆಯೇ ಬಿತ್ತು. ಆದರೆ ಈ ಭಯದಿಂದ ನಿದ್ದೆಯೇ ಹೋಗಿದ್ದರೆ, ಪರೀಕ್ಷೆಗಿಂತ ಮೊದಲು ಆ ಭಯದ ಬಗ್ಗೆ ಮಾತಾಡೋಕೆ ಒಬ್ಬರನ್ನು ಹುಡುಕಿಕೋ.

ಪ್ರಶ್ನೆ: ನಮ್ಮ ತಂದೆಗೆ 54. ಎಂಟು ವರ್ಷದಿಂದ ಹಂಟಿಂಗ್ಟನ್. 62 ಕೆಜಿ ಇದ್ದವರು 47ಕ್ಕೆ ಇಳಿದಿದ್ದಾರೆ. ಹಸಿವು ಚೆನ್ನಾಗಿದೆ, ತಿನ್ನುತ್ತಾರೆ, ಆದರೂ ಇಳಿಯುತ್ತಿದ್ದಾರೆ. ಈಗ ನೀರು ಕುಡಿದರೆ ಕೆಮ್ಮು, ಮುದ್ದೆ ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮುದ್ದೆ ಇಲ್ಲದೆ ಅವರಿಗೆ ಊಟವೇ ಅಲ್ಲ. ಏನು ಕೊಡೋಣ?
— ಓದುಗ, ಮಂಡ್ಯ ಜಿಲ್ಲೆ

ಉತ್ತರ: ಮಂಡ್ಯದವರಿಗೆ ಮುದ್ದೆ ಬಿಡಿ ಅನ್ನೋಕೆ ನನಗೂ ನಾಲಿಗೆ ಬರಲ್ಲ. ಆದರೆ ಬಿಡಲೇಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಗಂಟಲು ಹಿಡಿತದಲ್ಲಿ ಇರುವವರಿಗೆ ಅದು ಸಲೀಸು. ಈ ಕಾಯಿಲೆಯಲ್ಲಿ ನಾಲಿಗೆ ಒಂದು ಕಡೆ, ಗಂಟಲು ಒಂದು ಕಡೆ, ಉಸಿರು ಒಂದು ಕಡೆ. ಮುದ್ದೆಯ ತುತ್ತು ಶ್ವಾಸನಾಳಕ್ಕೆ ಅಡ್ಡ ಕೂತರೆ ಕ್ಷಣದಲ್ಲಿ ಅನಾಹುತ.

ನಾನು ಮಾಡಿದ್ದು ಹೇಳುತ್ತೇನೆ. ಅದೇ ರಾಗಿ ಹಿಟ್ಟನ್ನು ಗಂಟಿಲ್ಲದೆ ಗಟ್ಟಿ ಅಂಬಲಿ ಮಾಡುತ್ತಿದ್ದೆ. ಚಮಚದಿಂದ ಸುರಿದರೆ ಸರ್ರನೆ ಹರಿಯಬಾರದು, ತೊಟ್ಟು ತೊಟ್ಟಾಗಿ ಜಾರಬೇಕು, ಅದು ಹದ. ಅದರ ಮೇಲೆ ಅವರಿಗೆ ಇಷ್ಟವಾದ ಬಸ್ಸಾರನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಬೆರೆಸುತ್ತಿದ್ದೆ. ಮೊದಲ ದಿನ ತಟ್ಟೆ ತಳ್ಳಿದರು. ನಾಲ್ಕನೇ ದಿನ ವಾಸನೆಗೆ ಒಪ್ಪಿದರು. ರುಚಿ ಅದೇ ಇರಬೇಕು, ರೂಪ ಬದಲಾಗಬೇಕು.

ಜನಕ್ಕೆ ತಿಳಿಯದ ವಿಷಯ ಏನೆಂದರೆ, ಎಲ್ಲಕ್ಕಿಂತ ಅಪಾಯ ನೀರು. ತೆಳು ಇದ್ದಷ್ಟೂ ಬೇಗ ಹರಿದು ಶ್ವಾಸಕೋಶದ ಕಡೆ ಹೋಗುತ್ತದೆ. ಈ ಕಾಯಿಲೆಯವರನ್ನು ಕೊನೆಗೆ ಕರೆದುಕೊಂಡು ಹೋಗುವುದು ಹೆಚ್ಚಾಗಿ ಹೀಗೆ ಬರುವ ನ್ಯುಮೋನಿಯಾವೇ. ಅಂಗಡಿಯಲ್ಲಿ ನೀರು ಗಟ್ಟಿ ಮಾಡುವ ಪುಡಿ ಸಿಗುತ್ತದೆ. ಎಷ್ಟು ಗಟ್ಟಿ ಬೇಕು ಅಂತ ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ನೋಡಿ ಹೇಳುತ್ತಾರೆ. ಹೆಸರು ಸ್ಪೀಚ್ ಆದರೂ ನುಂಗುವುದೂ ಅವರ ಕೆಲಸವೇ. ಮೈಸೂರಿನ ಆಯಿಷ್ (ವಾಕ್ ಶ್ರವಣ ಸಂಸ್ಥೆ) ನಿಮಗೆ ಹತ್ತಿರ, ಅಲ್ಲಿ ವಿಚಾರಿಸಿ. ಎರಡು ಹದ ಬೆರೆತದ್ದೂ ಕಷ್ಟ: ತಿಳಿಸಾರು ಅನ್ನ, ಹಾಲಿಗೆ ಹಾಕಿದ ಅವಲಕ್ಕಿ. ನೀರು ಮೊದಲು ಜಾರುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಚಕ್ಕುಲಿ, ಕಡಲೆಪುರಿ, ಒಣ ಚಪಾತಿ ಮನೆಗೇ ತರಬೇಡಿ. ಕಣ್ಣಿಗೆ ಬಿದ್ದರೆ ಬಾಯಿಗೆ ತುರುಕಿಕೊಳ್ಳುತ್ತಾರೆ.

ಊಟಕ್ಕೆ ನೇರವಾಗಿ ಕೂರಿಸಿ, ಪಾದ ನೆಲಕ್ಕೆ ಊರಿರಲಿ. ತಲೆ ಹಿಂದಕ್ಕೆ ಎತ್ತಿ ಸುರಿಯುವುದಂತೂ ಬೇಡವೇ ಬೇಡ. ಗದ್ದ ಸ್ವಲ್ಪ ಕೆಳಗೆ ಇಳಿಸಿದರೆ ಕೆಲವರಿಗೆ ಸುಲಭ, ಅದನ್ನೂ ಥೆರಪಿಸ್ಟ್ ಹತ್ತಿರ ಕೇಳಿಕೊಳ್ಳಿ. ಚಿಕ್ಕ ಚಮಚ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಟಿವಿ ಆಫ್. ಮಾತೂ ಬೇಡ, "ಹೇಗಿದೆ ಅಪ್ಪಾ" ಅಂತ ಕೇಳಿದರೆ ಅವರು ಬಾಯಲ್ಲಿ ಅನ್ನ ಇಟ್ಟುಕೊಂಡೇ ಉತ್ತರ ಹೇಳುತ್ತಾರೆ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಸಿಕ್ಕಿಕೊಂಡಾಗ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನೀರು ಕೊಡಬೇಡಿ. ಕೆಮ್ಮು, ಧ್ವನಿ ನಿಂತುಹೋದರೆ ಮುಂದಕ್ಕೆ ಬಾಗಿಸಿ ಹೆಗಲುಗಳ ನಡುವೆ ಅಂಗೈಯಿಂದ ಬಲವಾಗಿ ಐದು ಏಟು ಕೊಡಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಮನೆಯವರೆಲ್ಲ ಯಾವುದಾದರೂ ಆಸ್ಪತ್ರೆಯಲ್ಲಿ ಕೇಳಿ ಕಲಿಯಿರಿ, ಕಾಗದದಲ್ಲಿ ಓದಿ ಬರುವಂಥದ್ದಲ್ಲ.

ತೂಕದ ವಿಷಯ. ತಿಂದರೂ ಇಳಿಯುವುದು ಈ ಕಾಯಿಲೆಯ ಗುಣವೇ. ಕೆಲವರಿಗೆ ದಿನಕ್ಕೆ 4000 ಕ್ಯಾಲೊರಿ ಬೇಕಾದದ್ದೂ ಇದೆ, ಗದ್ದೆಯಲ್ಲಿ ದುಡಿಯುವವರಿಗಿಂತ ಜಾಸ್ತಿ. ಮೂರು ಹೊತ್ತಿನ ಊಟದ ಲೆಕ್ಕ ಬಿಟ್ಟು ಆರು ಸಲ ಕೊಡಿ. ಅಂಬಲಿಗೆ ಎರಡು ಚಮಚ ತುಪ್ಪ, ಬಾಳೆಹಣ್ಣು ಕಿವುಚಿದ ಗಟ್ಟಿ ಮೊಸರು, ನುಣ್ಣಗೆ ಬೇಯಿಸಿದ ಮೊಟ್ಟೆ, ಹುರಿಹಿಟ್ಟಿನ ಪಾಯಸ. ಶುಗರ್, ಕೊಲೆಸ್ಟ್ರಾಲ್ ಇದ್ದರೆ ಡಾಕ್ಟರಿಗೆ ಹೇಳಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಮುಂದೆ ಹೊಟ್ಟೆಗೆ ಟ್ಯೂಬ್ ಹಾಕುವ ಮಾತು ಬರಬಹುದು. ಅಪ್ಪನಿಗೆ ಹೇಳೋಕೆ, ತಲೆಯಾಡಿಸೋಕೆ ಆಗುವಾಗಲೇ ಕೇಳಿಡಿ. ನಮ್ಮ ಯಜಮಾನ್ರು ಬೇಡ ಅಂದಿದ್ದರು. ಆ ಒಂದು ಮಾತು ಅವರ ಬಾಯಿಂದಲೇ ಬಂದಿದ್ದರಿಂದ 2015ರಲ್ಲಿ ನನಗೆ ಆ ತೀರ್ಮಾನದ ಭಾರ ಬೀಳಲಿಲ್ಲ.

ಪ್ರಶ್ನೆ: ನಮ್ಮವರು ಮೊದಲು ನೊಣಕ್ಕೂ ಹೊಡೆದವರಲ್ಲ. ಈಗ ಚಹಾ ಐದು ನಿಮಿಷ ತಡವಾದರೆ ಕಪ್ಪು ಬಸಿ ಎಸೀತಾರ. ಒಂದೇ ಮಾತು ನೂರು ಸಲ ಕೇಳ್ತಾರ. ಇಲ್ಲಾಂದ್ರ ದಿನಪೂರ್ತಿ ಗೋಡೆ ನೋಡ್ತಾ ಕೂಡ್ತಾರ, ಸ್ನಾನಕ್ಕೂ ಏಳೂದಿಲ್ಲ. "ನನಗೇನೂ ಆಗಿಲ್ಲ" ಅಂತ ಗುಳಿಗಿ ಉಗುಳ್ತಾರ. ನನಗೂ ಸಿಟ್ಟು ಬಂದು ಒಮ್ಮೆ ಕೈ ಎತ್ತಿದೆ. ಆಮೇಲೆ ಅತ್ತೆ.
— ಹೆಸರು ಬ್ಯಾಡ, ಹುಬ್ಬಳ್ಳಿ

ಉತ್ತರ: ನಾನೂ ಎತ್ತಿದ್ದೆ ಅಕ್ಕಾ. ಇಷ್ಟು ವರ್ಷದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನಿಮ್ಮವರು ಸುಳ್ಳು ಹೇಳುತ್ತಿಲ್ಲ. ತನಗೆ ಏನಾಗಿದೆ ಅಂತ ಗುರುತಿಸುವ ಮಿದುಳಿನ ಭಾಗವೇ ಕೆಟ್ಟಿರುತ್ತದೆ. ಮೈ ಆಡುವುದು ನಮಗೆ ಕಾಣುತ್ತದೆ, ಅವರಿಗೆ ಅದು ಗೊತ್ತೇ ಆಗಿರಲ್ಲ. ವಾದ ಮಾಡಿ ಒಪ್ಪಿಸೋಕೆ ಹೋಗಬೇಡಿ. "ಕಾಯಿಲೆಗೆ ಗುಳಿಗೆ" ಅನ್ನುವ ಬದಲು "ನಿದ್ದೆ ಚಲೋ ಬರಲಿ ಅಂತ ಡಾಕ್ಟರು ಕೊಟ್ಟಿದ್ದು" ಅನ್ನಿ. ಅದೂ ನಿಜವೇ ಇರುತ್ತದೆ ಬಹಳ ಸಲ.

ಗೋಡೆ ನೋಡುತ್ತಾ ಕೂರುವುದೂ ಸೋಮಾರಿತನ ಅಲ್ಲ. ಕೆಲಸ ಶುರು ಮಾಡುವ ಕೀಲಿಯೇ ಹಾಳಾಗಿದೆ. ನೀವು ಶುರು ಮಾಡಿಕೊಟ್ಟರೆ ಮಾಡುತ್ತಾರೆ. "ಸ್ನಾನ ಮಾಡ್ರಿ" ಅಂದರೆ ಅದರಲ್ಲಿ ಹತ್ತು ಕೆಲಸ ಇದೆ. "ಏಳ್ರಿ." ಆಮೇಲೆ "ಈ ಟವೆಲ್ ಹಿಡ್ಕೋರಿ." ಒಂದೊಂದೇ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತಿದ್ದೆ. ಹದಿನೈದರ ಹೊತ್ತಿಗೆ ಉತ್ತರ ಬರುತ್ತಿತ್ತು. ಅಷ್ಟರೊಳಗೆ ಮತ್ತೆ ಕೇಳಿದರೆ ಅವರು ಮೊದಲಿಂದ ಯೋಚಿಸಬೇಕು, ಆಗ ಸಿಟ್ಟು.

ಚಹಾದ ವಿಷಯಕ್ಕೆ ನನ್ನ ಉಪಾಯ. ಕಾಯುವುದು ಈ ಮಿದುಳಿಗೆ ಬಲು ಕಷ್ಟ. ನಮ್ಮ ಯಜಮಾನ್ರಿಗೆ ಕಾಫಿ ಹುಚ್ಚು. ನಾನು ಗೋಡೆಗೆ ದೊಡ್ಡ ಗಡಿಯಾರ ಹಾಕಿ, 7, 11, 4 ಗಂಟೆಗೆ ಕೆಂಪು ದಾರದ ಗುರುತು ಅಂಟಿಸಿದೆ. ಮುಳ್ಳು ಅಲ್ಲಿಗೆ ಬರುವುದಕ್ಕೆ ಮೊದಲೇ ಲೋಟ ಕೈಯಲ್ಲಿ. ಬಿಸಿ ಇಲ್ಲ, ಉಗುರು ಬೆಚ್ಚಗೆ, ಹದ ಮಾಡಿದ್ದು, ಸ್ಟೀಲ್ ಲೋಟದಲ್ಲಿ. ಮಧ್ಯದಲ್ಲಿ ಕೇಳಿದರೆ ಗಡಿಯಾರ ತೋರಿಸುವುದು, ಅಷ್ಟೇ. ಮನೆಯಲ್ಲಿ ಎಸೆತ ಅರ್ಧಕ್ಕರ್ಧ ಕಡಿಮೆಯಾಯಿತು. ದಿನಚರಿ ಒಂದೇ ಇರಲಿ, ನೆಂಟರ ದಂಡು ಬೇಡ. ಹಲ್ಲುನೋವು, ಮಲಬದ್ಧತೆ, ಹಸಿವು ಇದ್ದರೂ ಹೇಳೋಕೆ ಬರದೆ ಸಿಟ್ಟಾಗಿ ಬರುತ್ತದೆ, ಅದನ್ನೂ ನೋಡಿ.

ಇಷ್ಟಕ್ಕೂ ಬಗ್ಗದ ಸಿಟ್ಟಿಗೆ ಔಷಧ ಇದೆ. ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆ ಏನಿದೆ? ಮೈ ಆಡುವುದಕ್ಕೆ ಟೆಟ್ರಾಬೆನಜಿನ್ ಕೊಟ್ಟಿದ್ದರೆ ಗಮನ ಇಡಿ. ಅದು ಕೆಲವರಲ್ಲಿ ಖಿನ್ನತೆ ತರುತ್ತದೆ. ಮಂಕಾದರೆ ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ಕೈಗೆ ಸಿಗುವಲ್ಲಿ ಚಾಕು, ಇಳಿಗೆಮಣೆ ಬೇಡ. ಹೊಡೆಯಲು ಬಂದರೆ ಎದುರಿಗೆ ನಿಲ್ಲಬೇಡಿ, ಆಚೆ ಹೋಗಿ. ಹೋಗಲು ಒಂದು ಮನೆ ಗೊತ್ತು ಮಾಡಿಕೊಂಡಿರಿ. ಮತ್ತೆ, ವಾರಕ್ಕೆ ಒಂದು ಮಧ್ಯಾಹ್ನ ಮೈದುನನೋ ನಾದಿನಿಯೋ ಬಂದು ಕೂರಲಿ. ಹೇಗಿದ್ದಾರೆ ಅಂತ ಫೋನ್ ಮಾಡುವವರಿಗೆ ಗುರುವಾರ ಎರಡರಿಂದ ಐದು ಬನ್ನಿ ಅಂತ ಟೈಮ್ ಕೊಟ್ಟುಬಿಡಿ. ಅರ್ಧ ಜನ ಫೋನ್ ನಿಲ್ಲಿಸುತ್ತಾರೆ. ಬರುವವರು ಬರುತ್ತಾರೆ.

ಚುಟುಕಾಗಿ

ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದ್ದಕ್ಕೆ ಮಕ್ಕಳಿಗೆ ಬಂತಾ? (ತುರುವೇಕೆರೆ)
ಅಲ್ಲ. ಈ ಕಾಯಿಲೆಗೆ ಒಬ್ಬರ ಕಡೆಯಿಂದ ಬಂದ ಒಂದು ಜೀನ್ ಸಾಕು. ಹೊರಗಿನ ಸಂಬಂಧ ತಂದಿದ್ದರೂ ಬರುವುದಿದ್ದರೆ ಬರುತ್ತಿತ್ತು. ಆದರೆ ಕಾಯಿಲೆ ಇರುವ ವಂಶದೊಳಗೇ ಮದುವೆಯಾದರೆ ಗಂಡ ಹೆಂಡತಿ ಇಬ್ಬರಲ್ಲೂ ಆ ಜೀನ್ ಇರುವ ಸಾಧ್ಯತೆ ಇರುತ್ತದೆ. ಮುಂದಿನ ಸಂಬಂಧ ನೋಡುವಾಗ ಅದು ನೆನಪಿರಲಿ.

ವಾಸಿ ಮಾಡುತ್ತೇವೆ ಅಂತ ಒಬ್ಬರು ಮೂರು ತಿಂಗಳ ಪುಡಿಗೆ 40,000 ಕೇಳುತ್ತಿದ್ದಾರೆ. (ದಾವಣಗೆರೆ)
ಕೊಡಬೇಡಿ. ವಾಸಿ ಮಾಡುವುದು ಲೋಕದಲ್ಲಿ ಎಲ್ಲೂ ಇಲ್ಲ. ಸಂಶೋಧನೆ ನಡೆಯುತ್ತಿದೆ. ಟೊಮಿನರ್ಸೆನ್ ಅನ್ನುವ ಔಷಧದ ದೊಡ್ಡ ಪ್ರಯೋಗವನ್ನು 2021ರಲ್ಲಿ ನಿಲ್ಲಿಸಿದರು, ಅವತ್ತು ಎಷ್ಟೋ ಮನೆಗಳಲ್ಲಿ ಅತ್ತರು. 2025ರ ಸೆಪ್ಟೆಂಬರ್‌ನಲ್ಲಿ, ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಕೊಡುವ ಒಂದು ಜೀನ್ ಚಿಕಿತ್ಸೆ ಕಾಯಿಲೆಯ ವೇಗ ತಗ್ಗಿಸಿತು ಅಂತ ಸುದ್ದಿ ಬಂತು. ಅದೂ ಕೆಲವೇ ಜನರ ಪ್ರಯೋಗ. ಆ 40,000ದಲ್ಲಿ ಒಳ್ಳೆಯ ಕುರ್ಚಿ ಮಾಡಿಸಿ: ತೂಕದ್ದು, ಅಗಲ ಕೈ ಇರುವುದು, ಹಿಂದಕ್ಕೆ ಸ್ವಲ್ಪ ವಾಲಿದ್ದು, ಎಲ್ಲ ಕಡೆ ಸ್ಪಂಜು ಹಾಕಿದ್ದು.

ಅಂಗವಿಕಲ ಕಾರ್ಡ್ ಸಿಗುತ್ತದಾ? (ಕಡೂರು)
2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಗಳು ಅಂತ ಒಂದು ಸಾಲಿದೆ. ಅದರಡಿ ಅರ್ಜಿ ಹಾಕಿ. ತಜ್ಞರ ಪತ್ರ, ಜೀನ್ ರಿಪೋರ್ಟ್ ಎರಡೂ ಇಟ್ಟುಕೊಂಡು ಜಿಲ್ಲಾಸ್ಪತ್ರೆಗೆ ಹೋಗಿ. ಕೆಲಸ ಬಿಡುವ ಮೊದಲೇ ಮಾಡಿಸಿ. ಬ್ಯಾಂಕ್ ಸಹಿಯನ್ನೂ ಈಗಲೇ ಜಂಟಿ ಮಾಡಿಕೊಳ್ಳಿ, ಸಹಿ ಆಮೇಲೆ ಹೊಂದುವುದಿಲ್ಲ.

ಮಂಚದಿಂದ ಬೀಳುತ್ತಾರೆ, ಕಟ್ಟಿ ಹಾಕಬಹುದಾ? (ಸಾಗರ)
ಕಟ್ಟಬೇಡಿ. ಕಟ್ಟಿದರೆ ಮೈ ಇನ್ನೂ ಹೆಚ್ಚು ಒದ್ದಾಡುತ್ತದೆ, ಚರ್ಮ ಕಿತ್ತು ಬರುತ್ತದೆ. ಕಬ್ಬಿಣದ ಮಂಚವನ್ನು ಯಾರಿಗಾದರೂ ಕೊಟ್ಟುಬಿಡಿ. ಎರಡು ಹಾಸಿಗೆಯನ್ನು ನೆಲದ ಮೇಲೆ ಜೋಡಿಸಿ ಹಾಕಿ, ಗೋಡೆ ಬದಿಗೆ ದಿಂಬು. ಗುಂಡಿಯ ಅಂಗಿ ಬಿಟ್ಟು ಸಡಿಲ ಟೀ ಶರ್ಟ್, ಲಾಡಿಯ ಬದಲು ಎಲಾಸ್ಟಿಕ್. ನಮ್ಮ ಯಜಮಾನ್ರ ಪೈಜಾಮಗಳಿಗೆಲ್ಲ ಎಲಾಸ್ಟಿಕ್ ಹಾಕಿದ್ದು ನಾನೇ, ಅವರದೇ ಮೆಷಿನ್ನಿನಲ್ಲಿ. ಪಕ್ಕದಲ್ಲಿ ಕೂತು ನೋಡಿ, ಹೊಲಿಗೆ ವಾರೆ ಅಂದರು. ವಾರೆಯೇ ಇತ್ತು.